ಬಾರದ ಹಡಗಿಗೆ ಕಾದ ವರ್ಷ

31 ಜುಲೈ 2025, ಗುರುವಾರ

ಇಂದು ಲೊಯೋಲದ ಸಂತ ಇಗ್ನೇಷಿಯಸರ ಹಬ್ಬ. 1534ರ ಆಗಸ್ಟ್ 15ರಂದು ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಅವರೂ ಸೇರಿ ಏಳು ಸಂಗಡಿಗರು ಜೆರುಸಲೇಮಿಗೆ ಹೋಗುವ ಹರಕೆ ಹೊತ್ತರು. ಹೋಗಲಾಗದಿದ್ದರೆ ಪೋಪರ ಮುಂದೆ ನಿಂತು, ಅವರು ಕಳಿಸಿದಲ್ಲಿಗೆ ಹೊರಡುವುದು ಎಂಬ ಮಾತೂ ಅದೇ ಹರಕೆಯಲ್ಲಿತ್ತು. 1537ರಲ್ಲಿ ವೆನಿಸ್ಸಿಗೆ ಬಂದರೆ ತುರ್ಕರೊಂದಿಗೆ ಯುದ್ಧದ ಗದ್ದಲ. ಒಂದು ವರ್ಷ ಕಾದರೂ ಹಡಗು ಹೊರಡಲಿಲ್ಲ. ವೆನಿಸ್ಸಿನಲ್ಲಿದ್ದಾಗ ಅವರು ಕೈಕಟ್ಟಿ ಕೂರದೆ ಆಸ್ಪತ್ರೆಗಳಲ್ಲಿ ರೋಗಿಗಳ ಹುಣ್ಣು ತೊಳೆದರು. ಕೊನೆಗೆ ರೋಮಿನ ದಾರಿ ಹಿಡಿದರು. 1540ರಲ್ಲಿ ಅವರು ಕಟ್ಟಿದ ಯೇಸುಸಭೆಗೆ, ಅಂದರೆ ಜೆಸ್ವಿಟ್ ಸನ್ಯಾಸಿಗಳ ಸಂಘಕ್ಕೆ, ಪೋಪರ ಒಪ್ಪಿಗೆ ಸಿಕ್ಕಿತು. ಆ ಏಳು ಜನರಲ್ಲೊಬ್ಬರಾದ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದಿಳಿದರು. ಮುಚ್ಚಿಹೋದದ್ದು ಜೆರುಸಲೇಮಿನ ದಾರಿ ಮಾತ್ರ, ಕರೆಗೆ ಏನೂ ಆಗಿರಲಿಲ್ಲ.

ಕೆಲಸ ಇವತ್ತಿದ್ದು ನಾಳೆ ಇಲ್ಲವೆನ್ನುವ ಈ ಕಾಲದಲ್ಲಿ ಪಾದ್ರಿಗಳಾಗಲು ಕಲಿಯುವ ಗುರುಮಠದ ಬಾಗಿಲು ತಟ್ಟುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ದೈವಕರೆಯೋ, ಹೆದರಿಕೆಯೋ? ಇದನ್ನು ಸೋಸುವ ಕ್ರಮ ಇಗ್ನೇಷಿಯಸರ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲೇ ಇದೆ. ಬೇಕಾದದ್ದು ಒಂದು ಹಾಳೆ ಮತ್ತು ಸಮಯ.

ಪ್ರಶ್ನೆ ಚಿಕ್ಕದಾಗಿರಲಿ. ‘ದೇವರು ನನ್ನಿಂದ ಏನು ಬಯಸುತ್ತಾರೆ’ ಎಂದು ಬರೆದರೆ ಉತ್ತರ ಗಾಳಿಯಲ್ಲೇ ತೇಲುತ್ತದೆ. ‘ಬರುವ ಜೂನ್‌ನಲ್ಲಿ ಈ ಸನ್ಯಾಸಿ ಸಭೆಗೆ ಸೇರಲು ಅರ್ಜಿ ಹಾಕಲೇ, ಬೇಡವೇ’ ಎಂದು ಬರೆಯಿರಿ. ಕೆಳಗೆ ನಾಲ್ಕು ಅಂಕಣ ಎಳೆಯಿರಿ: ಸೇರಿದರೆ ಒಳಿತು, ಸೇರಿದರೆ ಕೆಡುಕು, ಸೇರದಿದ್ದರೆ ಒಳಿತು, ಸೇರದಿದ್ದರೆ ಕೆಡುಕು. ಎರಡು ಅಂಕಣ ಸಾಕು ಅನ್ನಿಸುತ್ತದೆ, ಆದರೆ ಸಾಲದು. ಒಂದನೆಯ ಅಂಕಣದಲ್ಲಿ ‘ಮನಸ್ಸಿಗೆ ನೆಮ್ಮದಿ’ ಎಂದು ಬರೆದವರೇ ನಾಲ್ಕನೆಯದಕ್ಕೆ ಬಂದಾಗ ‘ಮತ್ತೆ ಇಂಟರ್‌ವ್ಯೂಗೆ ಅಲೆಯಬೇಕು’ ಎಂದು ಬರೆಯುತ್ತಾರೆ. ಆ ನೆಮ್ಮದಿ ಎಲ್ಲಿಂದ ಬಂತೆಂದು ಅಲ್ಲಿ ಬಯಲಾಗುತ್ತದೆ. ಬರೆದು ಮುಗಿದ ಮೇಲೆ ಒಂದೊಂದು ಸಾಲಿನ ಮುಂದೆಯೂ ಗುರುತು ಹಾಕಿ: ಇದು ಯಾರದೋ ಕಡೆಗೆ ನಡೆಯುವುದೋ, ಯಾವುದರಿಂದಲೋ ಓಡುವುದೋ? ಸಾಲುಗಳ ಸಂಖ್ಯೆ ಎಣಿಸಬೇಡಿ, ತೂಕ ನೋಡಿ. ‘ಬಡ ಮಕ್ಕಳ ನಡುವೆ ಇರಬೇಕು’ ಎಂಬ ಒಂದು ಸಾಲು ಉಳಿದ ಹತ್ತನ್ನು ಮೀರಬಹುದು.

ಆಮೇಲೆ ಮೂರು ಕಲ್ಪನೆಗಳು. ಎಂದೂ ಕಾಣದ ಅಪರಿಚಿತನೊಬ್ಬ ಇದೇ ಸ್ಥಿತಿಯಲ್ಲಿ ಬಂದರೆ ಅವನಿಗೆ ಏನು ಹೇಳುತ್ತೀರಿ? ಸಾಯುವ ಗಳಿಗೆಯಲ್ಲಿ, ಈಗ ಏನು ಆರಿಸಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ? ದೇವರ ಮುಂದೆ ನಿಲ್ಲುವ ಕೊನೆಯ ತೀರ್ಪಿನ ದಿನ ಏನನ್ನಿಸುತ್ತದೆ? ಬಂದ ಉತ್ತರವನ್ನು ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸಿ, ದೃಢಪಡಿಸೆಂದು ಬೇಡಬೇಕು. ಈ ಕೊನೆಯ ಹೆಜ್ಜೆಯನ್ನೇ ಹಲವರು ಬಿಟ್ಟುಬಿಡುತ್ತಾರೆ.

ಮನಸ್ಸು ಬತ್ತಿಹೋಗಿ ಪ್ರಾರ್ಥನೆ ರುಚಿಸದ ದಿನ ಹಿಂದಿನ ನಿರ್ಧಾರವನ್ನು ಬದಲಿಸಲೇಬಾರದು. ಇಗ್ನೇಷಿಯಸರ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಹಾಗೆಂದು ಸುಮ್ಮನೆ ಕೂರುವುದೂ ಅಲ್ಲ. ಒಂದು ಗಂಟೆಯ ಧ್ಯಾನವನ್ನು ಮೊಟಕುಗೊಳಿಸುವ ಆಸೆಯಾದರೆ ಗಂಟೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂರಬೇಕು. ಉಕ್ಕಿ ಬರುವ ಸಂತೋಷದ ದಿನವೂ ಅಷ್ಟೇ ಅಪಾಯದ್ದು. ಧ್ಯಾನಕೂಟದ ಕೊನೆಯ ರಾತ್ರಿ ಹಾಡು, ಕಣ್ಣೀರಿನ ನಡುವೆ ಹೊತ್ತ ಹರಕೆಗಳು ಮನೆ ಸೇರಿದ ಮೇಲೆ ಭಾರವಾಗುವುದು ಇದಕ್ಕೇ. ಬಂದ ಸಾಂತ್ವನ ದೇವರದೇ ಇರಬಹುದು, ಅದರ ಬಿಸಿಯಲ್ಲಿ ಹೆಣೆದ ಯೋಜನೆ ನಮ್ಮದು. ಮನಸ್ಸಿನ ಹೋರಾಟವನ್ನು ಯಾರಿಗೂ ಹೇಳಬೇಡವೆಂದು ಒಳಗಿನಿಂದ ಒತ್ತಾಯ ಬಂದರೆ, ಅದನ್ನೇ ಮೊದಲು ಪಾಪನಿವೇದನೆ ಕೇಳುವ ಗುರುಗಳ ಮುಂದೆ ಬಿಚ್ಚಿಡಬೇಕು.

ದಾರಿ ತೋರುವವರು ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಲ್ಲಬೇಕು. ‘ನಿನಗೆ ಕರೆ ಇದೆ’ ಎಂದು ಹದಿನೆಂಟರ ಹುಡುಗನ ಹೆಗಲು ತಟ್ಟುವ ಹಿರಿಯರ ಪ್ರೀತಿಯೇ ಆ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತದೆ. ಇದನ್ನು ನೋಡಿದಾಗ ನೋವಾಗುತ್ತದೆ.

ಕಥೋಲಿಕ ಧರ್ಮಸಭೆಯ ಕಾನೂನು ಅವಸರ ಪಡುವುದಿಲ್ಲ. 17 ತುಂಬದವರಿಗೆ ನೊವಿಶಿಯೇಟ್, ಅಂದರೆ ವ್ರತ ತೊಡುವ ಮೊದಲಿನ ತರಬೇತಿಗೆ ಪ್ರವೇಶವಿಲ್ಲ. ನೊವಿಶಿಯೇಟ್ ಕನಿಷ್ಠ 12 ತಿಂಗಳು, ಯೇಸುಸಭೆಯಲ್ಲಿ ಎರಡು ವರ್ಷ. ಇತರ ಧಾರ್ಮಿಕ ಸಭೆಗಳಲ್ಲಿ ಅದಾದ ಮೇಲೂ ತಾತ್ಕಾಲಿಕ ವ್ರತಗಳು, ಕಡಿಮೆಯೆಂದರೆ ಮೂರು ವರ್ಷ. ಜ್ಞಾನಸ್ನಾನ, ದೃಢೀಕರಣ ಎಂಬ ಸಂಸ್ಕಾರಗಳ ಪ್ರಮಾಣಪತ್ರಗಳನ್ನು ಎಲ್ಲರೂ ಜೋಡಿಸಿಕೊಂಡು ಬರುತ್ತಾರೆ, ಆದರೆ ಸಾಲದ ವಿಷಯ ಕೊನೆಗೆ ಬಾಯಿಬಿಡುತ್ತಾರೆ. ತೀರಿಸಲಾಗದ ಸಾಲವಿರುವವರನ್ನು ಸೇರಿಸಿಕೊಳ್ಳಬಾರದೆಂದು ಅದೇ ಕಾನೂನು ಹೇಳುತ್ತದೆ. ಶಿಕ್ಷಣ ಸಾಲವಿದ್ದರೆ ಮೊದಲ ಭೇಟಿಯಲ್ಲೇ ಮೊತ್ತ, ಕಂತು, ಜಾಮೀನು ನಿಂತವರು ಯಾರು ಎಂಬುದನ್ನು ತಿಳಿಸಿ. ತೀರಿಸಲು ಎರಡು ವರ್ಷ ದುಡಿಯಬೇಕಾದರೆ ದುಡಿಯಿರಿ. ವಾರಕ್ಕೊಮ್ಮೆ ಹತ್ತಿರದ ವೃದ್ಧಾಶ್ರಮಕ್ಕೋ ಆಸ್ಪತ್ರೆಗೋ ಹೋಗಿ ಸೇವೆ ಮಾಡಿ, ಮತ್ತು ಆ ನಾಲ್ಕು ಅಂಕಣದ ಹಾಳೆಗೆ ಇಂದಿನ ತಾರೀಖು ಹಾಕಿ ಬೈಬಲಿನೊಳಗಿಡಿ.