ಕಿಟೆಲ್ ಅಂದ್ರೆ ಅಂಗಿ

ಜರ್ಮನಿಗೆ ಬಂದ ಮೊದಲ ವಾರ ಲ್ಯಾಬಿನ ಬಾಗಿಲ ಮೇಲೆ ಒಂದು ಬೋರ್ಡು ಕಂಡೆ. 'ಕಿಟೆಲ್‌ಫ್ಲಿಷ್ಟ್' ಅಂತ ಬರೆದಿತ್ತು. ನಾನು ಓದಿದ್ದು ಧಾರವಾಡದ ಕಿಟೆಲ್ ಕಾಲೇಜಿನಲ್ಲಿ. ಹಾಗಾಗಿ ಬೋರ್ಡಿನ ಮೊದಲರ್ಧ ನೋಡಿ ಊರಿನವರು ಯಾರೋ ಸಿಕ್ಕಷ್ಟು ಖುಷಿಯಾಯಿತು, ಉಳಿದರ್ಧ ತಿಳಿಯಲಿಲ್ಲ. ಒಳಗೆ ಹೋದರೆ ಪಕ್ಕದ ಬೆಂಚಿನ ಹುಡುಗ, "ನಿನ್ನ ಕಿಟೆಲ್ ಎಲ್ಲಿ?" ಅಂತ ಕೇಳಿದ. ನನ್ನ ಕಿಟೆಲ್ ಊರಲ್ಲಿದೆ ಮಾರಾಯ, ಅಜ್ಜನ ಕಪಾಟಿನಲ್ಲಿ, ನಾಲ್ಕು ಸಂಪುಟದಲ್ಲಿ ಎರಡನೆಯದನ್ನು ಯಾರೋ ಓದೋಕೆ ಅಂತ ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ, ಅಂತ ಹೇಳಬೇಕು ಅನಿಸಿತು.

ಅವನು ಕೇಳಿದ್ದು ಬಿಳಿ ಕೋಟಿನ ಬಗ್ಗೆ. ನಮ್ಮ ಕಾಲೇಜುಗಳಲ್ಲಿ ಏಪ್ರನ್ ಅಂತೀವಲ್ಲ, ಅದು. ಅದನ್ನು ಹಾಕದೆ ಒಳಗೆ ಬರಬೇಡಿ ಅನ್ನೋದೇ ಆ ಬೋರ್ಡು. ಅಂದರೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ರೆವರೆಂಡ್ ಫರ್ಡಿನಂಡ್ ಕಿಟೆಲ್ ಅವರ ಹೆಸರಿನ ಅರ್ಥ 'ಅಂಗಿ'. ಇಷ್ಟು ವರ್ಷ ಆ ಹೆಸರಿನ ಕಾಲೇಜಿಗೆ ಹೋಗಿ ಬಂದೆ, ಅರ್ಥ ಏನಿರಬಹುದು ಅಂತ ಒಮ್ಮೆಯೂ ಯೋಚನೆ ಮಾಡಿರಲಿಲ್ಲ. ಒಂದೊಂದು ಪದದ ಬೇರು ಹುಡುಕುತ್ತಾ ಕೂತವರ ಹೆಸರಿಗೇ ಬೇರು ಇರುತ್ತೆ ಅಂತ ಹೊಳೆಯೋದಿಲ್ಲ ನೋಡಿ.

ಅವತ್ತು ರಾತ್ರಿ ಅವ್ವನಿಗೆ ಫೋನು ಮಾಡಿ ಹೇಳಿದೆ. ಅವಳಿಗೆ ಏನೂ ಆಶ್ಚರ್ಯ ಆಗಲಿಲ್ಲ. "ಅಡ್ಡಹೆಸರು ಅಲ್ಲೇನು ಅದು? ನಮ್ಮಲ್ಲಿ ಮೆಣಸಿನಕಾಯಿ ಅದಾರ, ಉಳ್ಳಾಗಡ್ಡಿ ಅದಾರ, ಬೆಲ್ಲದ ಅದಾರ. ಅವರಲ್ಲಿ ಅಂಗಿ ಅದಾರ" ಅಂದಳು.

ಸರಿಯಾಗೇ ಹೇಳಿದಳು. ಜರ್ಮನ್ ಅಡ್ಡಹೆಸರುಗಳನ್ನು ವಿಂಗಡಿಸೋದೂ ಹೆಚ್ಚುಕಡಿಮೆ ಉತ್ತರ ಕರ್ನಾಟಕದ ಅಡ್ಡಹೆಸರುಗಳ ಹಾಗೇ. ಕಸುಬಿನಿಂದ ಬಂದದ್ದು: ಶ್ಮಿಟ್ ಅಂದರೆ ಕಂಬಾರ, ಮುಲ್ಲರ್ ಅಂದರೆ ಹಿಟ್ಟಿನ ಗಿರಣಿಯವನು. ಊರಿನಿಂದ ಬಂದದ್ದು, ನಮ್ಮ ಗದಗ, ಹುಬ್ಬಳ್ಳಿ ಅನ್ನೋ ಅಡ್ಡಹೆಸರಿನ ಹಾಗೆ. ಅಪ್ಪನ ಹೆಸರಿನಿಂದ ಬಂದದ್ದು. ಮತ್ತೆ ಊರವರು ಚಾಳಿಗೋ ಮೈಕಟ್ಟಿಗೋ ಇಟ್ಟದ್ದು. ಕ್ಲೈನ್ ಅಂದರೆ ಗಿಡ್ಡ, ಕ್ರೌಸ್ ಅಂದರೆ ಗುಂಗುರು ಕೂದಲಿನವನು. ಕಿಟೆಲ್ ಈ ಕೊನೆಯ ಗುಂಪಿಗೂ ಸೇರುತ್ತೆ, ಮೊದಲ ಗುಂಪಿಗೂ ಸೇರುತ್ತೆ. ಯಾವಾಗಲೂ ಅದೇ ಅಂಗಿ ಹಾಕಿಕೊಂಡು ತಿರುಗುತ್ತಿದ್ದವನಿಗೆ ಊರವರು ಇಟ್ಟ ಹೆಸರೂ ಇರಬಹುದು, ಅಂಥ ಅಂಗಿ ಹೊಲಿಯುತ್ತಿದ್ದ ದರ್ಜಿಯ ಹೆಸರೂ ಇರಬಹುದು. ಕಿಟ್ಲರ್, ಕಿಟೆಲ್‌ಮಾನ್ ಅಂತಲೂ ಅಡ್ಡಹೆಸರುಗಳಿವೆ, ಅಲ್ಲಿ ದರ್ಜಿಯೇ ಹೆಚ್ಚು ಕಾಣಿಸುತ್ತಾನೆ. ಬಟ್ಟೆಬರೆಯ ಹೆಸರುಗಳಿಗಂತೂ ಕೊರತೆಯೇ ಇಲ್ಲ. ಮಾಂಟೆಲ್ ಅಂದರೆ ಮೇಲುಕೋಟು. ಸ್ಟೀಫೆಲ್ ಅಂದರೆ ಬೂಟು. ಲಾಂಗ್‌ರಾಕ್ ಅಂದರೆ ಉದ್ದನೆ ಕೋಟು.

ಪದದ ಕಥೆ ಇನ್ನೂ ಮಜವಾಗಿದೆ. ಮಧ್ಯಕಾಲದ ಜರ್ಮನ್‌ನಲ್ಲಿ ಕಿಟೆಲ್ ಅಂದರೆ ಹಗುರವಾದ, ಸಡಿಲವಾದ ಮೇಲಂಗಿ. ಹೊಲದವರು, ಕೂಲಿಯವರು, ಕುಶಲಕರ್ಮಿಗಳು ಹಾಕುತ್ತಿದ್ದದ್ದು. ಈ ಪದ ಎಲ್ಲಿಂದ ಬಂತು ಅನ್ನೋದರಲ್ಲಿ ಪಂಡಿತರಿಗೆ ಒಮ್ಮತ ಇಲ್ಲ. ಅರಬ್ಬಿಯಲ್ಲಿ ಹತ್ತಿಗೆ ಹೇಳುವ 'ಕುತ್ನ್' ಅನ್ನೋದರಿಂದ ಬಂತು ಅನ್ನೋದು ಒಂದು ವಾದ. ಇಂಗ್ಲಿಷಿನ ಕಾಟನ್ ಕೂಡ ಅದೇ ಅರಬ್ಬಿ ಪದದಿಂದ ಹುಟ್ಟಿದ್ದು. ಆ ವಾದ ನಿಜವಾದರೆ ನಮ್ಮ ನಿಘಂಟಿನ ಪಾದ್ರಿಯ ಹೆಸರಿನೊಳಗೆ ಹತ್ತಿ ಇದೆ ಅಂತಾಯಿತು. ಧಾರವಾಡದ ಕರಿನೆಲ ನೋಡಿದವರಿಗೆ ಇದು ಚೆನ್ನಾಗೇ ಹೊಂದುತ್ತೆ. ಇದು ನನ್ನ ಸಮಾಧಾನ ಅಷ್ಟೇ, ಭಾಷಾಶಾಸ್ತ್ರ ಅಲ್ಲ.

ಈಗಲೂ ಜರ್ಮನ್ ಮಾತಾಡುವ ಎಲ್ಲ ಕಡೆ ಕಿಟೆಲ್ ಒಂದೇ ಬಟ್ಟೆ ಅಲ್ಲ. ಲ್ಯಾಬಿನಲ್ಲಿ, ಆಸ್ಪತ್ರೆಯಲ್ಲಿ ಬಿಳಿ ಕೋಟು. ನೈಋತ್ಯ ಜರ್ಮನಿಯ ಸ್ವಾಬಿಯಾದ ಆಡುಮಾತಿನಲ್ಲಿ ಜಾಕೆಟ್. ಆಸ್ಟ್ರಿಯಾದಲ್ಲಿ ಹೆಂಗಸರ ಲಂಗ! ಹಳೆ ಪೂರ್ವ ಜರ್ಮನಿಯ ಅಜ್ಜಿಯರು ಮನೆಗೆಲಸ ಮಾಡುವಾಗ ಹಾಕುತ್ತಿದ್ದ ಹೂವಿನ ಚಿತ್ರದ ನೈಲಾನ್ ಗೌನಿಗೂ ಕಿಟೆಲ್ ಅನ್ನೋ ಪದವೇ ಅಂಟಿಕೊಂಡಿದೆ. ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳಲ್ಲಿ ಕಿಟೆಲ್ ಅಂದರೆ ಯೋಮ್ ಕಿಪ್ಪುರ್ ಅನ್ನೋ ಪ್ರಾಯಶ್ಚಿತ್ತದ ದಿನ ಗಂಡಸರು ಉಡುವ ಬಿಳಿ ನಿಲುವಂಗಿ, ಸತ್ತಾಗ ಅದನ್ನೇ ತೊಡಿಸಿ ಮಣ್ಣು ಮಾಡುವ ಪದ್ಧತಿಯೂ ಇದೆ.

ಇನ್ನು ಫರ್ಡಿನಂಡ್ ಕಿಟೆಲ್ ಮನೆತನಕ್ಕೆ ಬರೋಣ. ಅವರು 1832ರಲ್ಲಿ ಹುಟ್ಟಿದ್ದು ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಅನ್ನೋ ಪುಟ್ಟ ಹಳ್ಳಿಯಲ್ಲಿ. ಅಪ್ಪ ಅಲ್ಲಿ ಪಾದ್ರಿ. ಆದರೆ ಕಿಟೆಲ್ ಅನ್ನೋದು ಆ ಸೀಮೆಯ ಹೆಸರಲ್ಲ. ಅಲ್ಲಿ ಎಲ್ಲಿ ನೋಡಿದರೂ ಯಾನ್ಸನ್, ಹಾರ್ಮ್ಸ್ ಥರದ ಹೆಸರುಗಳು. ಯಾಕೆಂದರೆ ಅಲ್ಲಿನವರಿಗೆ 19ನೇ ಶತಮಾನದವರೆಗೂ ಕಾಯಂ ಅಡ್ಡಹೆಸರೇ ಇರಲಿಲ್ಲ. ಹಾರ್ಮ್ ಅನ್ನುವವನ ಮಗ ಯಾನ್ ಹಾರ್ಮ್ಸ್. ಆ ಯಾನನ ಮಗ ಹಾರ್ಮ್ ಯಾನ್ಸನ್. ತಲೆಮಾರಿಗೊಂದು ಸಲ ಹೆಸರು ಬದಲು. ನಮ್ಮ ಮೈಸೂರು ಕಡೆಯವರ ಇನಿಶಿಯಲ್ ಹಾಗೇ ಅಲ್ವಾ? ಅಪ್ಪನ ಹೆಸರಿನ ಮೊದಲಕ್ಷರ ಮಗನಿಗೆ, ಮಗನದು ಮೊಮ್ಮಗನಿಗೆ. ನೆಪೋಲಿಯನ್ ಆ ಸೀಮೆಯನ್ನು ನುಂಗಿದ ಮೇಲೆ 1811ರಲ್ಲಿ, ಎಲ್ಲರೂ ಒಂದು ಕಾಯಂ ಹೆಸರು ಇಟ್ಟುಕೊಳ್ಳಿ ಅಂತ ಹುಕುಂ ಬಂತು. ಎಷ್ಟೋ ಮನೆಗಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂಥ ಊರಲ್ಲಿ ಕಿಟೆಲ್ ಅಂತ ಹೆಸರಿದ್ದರೆ ಆ ಮನೆತನ ಬೇರೆ ಕಡೆಯಿಂದ ಬಂದದ್ದು ಅಂತ ಹೆಸರೇ ಹೇಳಿಬಿಡುತ್ತೆ. ಪಾದ್ರಿಗಳಿಗೆ ಊರೂರು ವರ್ಗ ಇದ್ದೇ ಇರುತ್ತಿತ್ತು.

ಇದನ್ನು ಬರೆಯುವಾಗ ಕಿಟೆಲ್ ಅವರ ಬಾಸೆಲ್ ಮಿಶನ್ನಿನ ಇನ್ನಿಬ್ಬರು ನೆನಪಾದರು. ತ್ಸೀಗ್ಲರ್ ಅಂದರೆ ಇಟ್ಟಿಗೆ, ಹೆಂಚು ಸುಡುವವನು. ಆ ಹೆಸರಿನ ಪಾದ್ರಿ ಧಾರವಾಡದಲ್ಲಿ ಕನ್ನಡ ಕಲಿಯೋರಿಗೆ ಪುಸ್ತಕ ಬರೆದರು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದವರು ಪ್ಲೆಬ್‌ಸ್ಟ್. ಅದಲುಬದಲು ಆಗಿಬಿಟ್ಟಿದೆ.

ಈಗ ಲೆಕ್ಕಕ್ಕೆ ಬರೋಣ. ಇವತ್ತು ಜರ್ಮನಿಯಲ್ಲಿ ಎಷ್ಟು ಕಿಟೆಲ್‌ಗಳಿದ್ದಾರೆ? ಇಲ್ಲಿನವರು ಹೆಸರುಗಳನ್ನು ಎಣಿಸುವ ರೀತಿಯೇ ವಿಚಿತ್ರ. ಅವರು ನೆಚ್ಚಿಕೊಂಡಿರುವುದು ಟೆಲಿಫೋನನ್ನು. 2005ರಲ್ಲಿ ದೇಶದಲ್ಲಿದ್ದ ಸುಮಾರು 2.8 ಕೋಟಿ ಮನೆ ಫೋನುಗಳ ಪಟ್ಟಿ ಹಿಡಿದು ಸಂಶೋಧಕರು ಹೆಸರುಗಳ ನಕ್ಷೆಗಳನ್ನೇ ಮಾಡಿದರು. 2009ರಿಂದ 2018ರ ನಡುವೆ ಅದು ಏಳು ಸಂಪುಟಗಳಲ್ಲಿ ಬಂತು. ಈಗ ಮೈನ್ಸ್ ಊರಿನ ಅಕಾಡೆಮಿಯವರು ಅದೇ ಪಟ್ಟಿ ಇಟ್ಟುಕೊಂಡು ಅಡ್ಡಹೆಸರುಗಳ ಡಿಜಿಟಲ್ ನಿಘಂಟು ಮಾಡುತ್ತಿದ್ದಾರೆ. 2005ರದ್ದೇ ಯಾಕೆ ಅಂದರೆ, ಆಮೇಲೆ ಜನ ಮನೆ ಫೋನು ಬಿಟ್ಟು ಮೊಬೈಲಿಗೆ ಹೋದರು, ಪಟ್ಟಿ ತೆಳ್ಳಗಾಗುತ್ತಾ ಬಂತು. ಒಂದು ಫೋನಿಗೆ ಮನೆಯಲ್ಲಿ ಹೆಚ್ಚುಕಡಿಮೆ ಮೂರು ಜನ ಅಂತ ಹಿಡಿದರೆ ತಲೆ ಎಣಿಕೆಯ ಅಂದಾಜು ಸಿಗುತ್ತೆ.

ಆ ಪಟ್ಟಿಯಲ್ಲಿ ಮುಲ್ಲರ್ ಮೊದಲು, 2.5 ಲಕ್ಷಕ್ಕೂ ಹೆಚ್ಚು ಫೋನು. ಶ್ಮಿಟ್ ಎರಡನೆಯದು. ಕಿಟೆಲ್ ಮೊದಲ ನೂರರಲ್ಲೂ ಇಲ್ಲ, ಸಾವಿರಗಳಲ್ಲಿ ಎಣಿಸಿ ಮುಗಿಸಬಹುದಾದ ಹೆಸರು. ಹಾಗಂತ ಅಳಿದುಹೋಗುವಷ್ಟು ಅಪರೂಪವೂ ಅಲ್ಲ. ಜರ್ಮನಿಯಲ್ಲಿ ಒಟ್ಟು ಸುಮಾರು 8.5 ಲಕ್ಷ ಬೇರೆಬೇರೆ ಅಡ್ಡಹೆಸರುಗಳಿವೆ ಅಂತ ಲೆಕ್ಕ, ಅದರಲ್ಲಿ ಹತ್ತು ಫೋನಿಗಿಂತ ಹೆಚ್ಚು ಇರುವುದು ಸುಮಾರು 2 ಲಕ್ಷಕ್ಕೆ ಮಾತ್ರ. ಉಳಿದವು ಕೆಲವೇ ಮನೆಗಳಿಗೆ ಸೀಮಿತ. ಅಂಥವುಗಳ ಮುಂದೆ ನಮ್ಮ ಕಿಟೆಲ್ ದೊಡ್ಡ ಕುಳ.

ಹೆಸರುಗಳು ಸಾಯೋದು ಹೇಗೆ ಅಂತ ಕೇಳಿದರೆ, ಬರೀ ಹೆಣ್ಣುಮಕ್ಕಳು ಹುಟ್ಟಿದರೆ ಸಾಕಾಗಿತ್ತು. ಮದುವೆಯಾದ ಹೆಂಗಸು ಗಂಡನ ಹೆಸರನ್ನೇ ಹಿಡಿಯಬೇಕು ಅನ್ನೋ ಕಾನೂನು ಇಲ್ಲಿ 1976ರವರೆಗೂ ಗಟ್ಟಿಯಾಗಿತ್ತು. ಆಮೇಲೆ ಇಬ್ಬರಲ್ಲಿ ಯಾರದಾದರೂ ಆರಿಸಬಹುದು ಅಂತಾಯಿತು, ಜಗಳ ಆದರೆ ಮಾತ್ರ ಗಂಡನದು! ಅದನ್ನು 1991ರಲ್ಲಿ ಸಂವಿಧಾನ ನ್ಯಾಯಾಲಯ ಕಿತ್ತುಹಾಕಿತು. ಮೂರು ಹೆಣ್ಣುಮಕ್ಕಳ ಮನೆಯಲ್ಲಿ ಒಂದೇ ತಲೆಮಾರಿಗೆ ಹೆಸರು ಮುಗಿದುಹೋದ ಕಥೆಗಳು ಎಲ್ಲ ಊರಲ್ಲೂ ಇವೆ. ಕಾಗುಣಿತ ಮಾತ್ರ ಅದಕ್ಕೂ ಮೊದಲೇ ಗಟ್ಟಿಯಾಗಿತ್ತು. 1876ರಿಂದ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಸರ್ಕಾರಿ ಜನನ ಮರಣದ ದಾಖಲೆ ಶುರುವಾಯಿತು. ಅಲ್ಲಿವರೆಗೆ ಚರ್ಚಿನ ಪುಸ್ತಕದಲ್ಲಿ ಪಾದ್ರಿಯ ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದದ್ದು, ಅದಾದ ಮೇಲೆ ಗುಮಾಸ್ತ ಬರೆದಿದ್ದೇ ಹೆಸರು.

ನಕ್ಷೆ ನೋಡಿ ಮೂಲ ಹೇಳುವಾಗ ಒಂದು ಎಡವಟ್ಟು ಇದೆ. 1945ರ ನಂತರ ಚೆಕೊಸ್ಲೊವಾಕಿಯಾದಿಂದ ಸುಮಾರು 30 ಲಕ್ಷ ಜರ್ಮನರನ್ನು ಹೊರಗೆ ಹಾಕಿದರು, ಈಗ ಬಹುಪಾಲು ಪೋಲೆಂಡಿಗೆ ಸೇರಿದ ಸಿಲೇಸಿಯಾದಿಂದ ಓಡಿಬಂದವರು ಬೇರೆ. ಅವರ ಹೆಸರುಗಳೆಲ್ಲ ಜರ್ಮನಿಯ ತುಂಬಾ ಚೆಲ್ಲಿಹೋದವು. 2005ರ ಫೋನು ಇರೋದು ಬವೇರಿಯಾದಲ್ಲಿ, ಅಜ್ಜನ ಊರು ಈಗಿನ ಚೆಕ್ ದೇಶದ ಬೊಹೀಮಿಯಾದಲ್ಲಿ. ಕಿಟೆಲ್ ವಿಷಯದಲ್ಲೂ ಇದು ಲೆಕ್ಕಕ್ಕೆ ಬರುತ್ತೆ. ಉತ್ತರ ಬೊಹೀಮಿಯಾದ ಯೀಜೆರಾ ಬೆಟ್ಟಗಳಲ್ಲಿ 18ನೇ ಶತಮಾನದಲ್ಲಿ ಒಬ್ಬ ಡಾಕ್ಟರ್ ಕಿಟೆಲ್ ಇದ್ದರು. ಗಿಡಮೂಲಿಕೆ ಕೊಟ್ಟು ವಾಸಿ ಮಾಡುತ್ತಿದ್ದ ಅವರ ಬಗ್ಗೆ, ಸೈತಾನನ ಜೊತೆ ಕರಾರು ಮಾಡಿಕೊಂಡಿದ್ದಾರೆ, ಗಾಳಿಯಲ್ಲಿ ಹಾರುತ್ತಾರೆ ಅಂತೆಲ್ಲ ಜನ ಕಥೆ ಕಟ್ಟಿದರು. ಚೆಕ್ ದೇಶದ ಕ್ರಾಸ್ನಾ ಹಳ್ಳಿಯಲ್ಲಿ ಅವರ ಹೆಸರಲ್ಲಿ ಈಗಲೂ ಮ್ಯೂಸಿಯಂ ಇದೆ.

ಇವರಿಗೂ ನಮ್ಮ ಕಿಟೆಲ್‌ಗೂ ನಂಟು ಇರಲೇಬೇಕು ಅಂತೇನಿಲ್ಲ. ಅಂಗಿ ಹಾಕಿದವರು ಎಲ್ಲ ಊರಲ್ಲೂ ಇದ್ದರು, ಹೆಸರು ಹತ್ತಾರು ಕಡೆ ತಾನಾಗೇ ಹುಟ್ಟಿದೆ. ಎಲ್ಲ ಬಡಿಗೇರರೂ ಅಣ್ಣತಮ್ಮಂದಿರೇನು?

ಆದರೆ ನನಗೆ ನಿಜವಾಗಿ ತಲೆಕೆಟ್ಟದ್ದು ಬೇರೆ ವಿಷಯಕ್ಕೆ. ಈ ಹೆಸರಿನವರು ಬರೆದ ಪುಸ್ತಕಗಳಿಗೆ ಜನ ಲೇಖಕನ ಹೆಸರನ್ನೇ ಇಟ್ಟುಬಿಡುತ್ತಾರೆ. ನಮ್ಮಲ್ಲಿ "ಕಿಟೆಲ್ ನೋಡು" ಅಂದರೆ ನಿಘಂಟು ನೋಡು ಅಂತ. ಎಂ.ಎಸ್ಸಿ. ಫಿಸಿಕ್ಸ್ ಹುಡುಗರಿಗೆ ಕಿಟೆಲ್ ಅಂದರೆ ಘನವಸ್ತುಗಳ ಭೌತಶಾಸ್ತ್ರದ ದಪ್ಪ ಪುಸ್ತಕ, 1953ರಿಂದ ಅಚ್ಚಾಗುತ್ತಲೇ ಇದೆ, ಬರೆದವರು ಅಮೆರಿಕದ ಚಾರ್ಲ್ಸ್ ಕಿಟೆಲ್. ಕಾಲೇಜಿನಲ್ಲಿ ನನ್ನ ರೂಮ್‌ಮೇಟು ಕಿಟೆಲ್ ಬೇಕು ಅಂದಾಗ ಲೈಬ್ರರಿಯವರು ಕನ್ನಡ ನಿಘಂಟು ತಂದು ಮುಂದಿಟ್ಟಿದ್ದರು. ಹೀಬ್ರೂ ಬೈಬಲ್ ಓದುವವರಿಗೆ ಕಿಟೆಲ್ ಅಂದರೆ ರುಡಾಲ್ಫ್ ಕಿಟೆಲ್ ಸಂಪಾದಿಸಿ 1906ರಲ್ಲಿ ತಂದ ಆವೃತ್ತಿ. ಅವರ ಮಗ ಗೆರ್‌ಹಾರ್ಡ್ ಕಿಟೆಲ್ ಇನ್ನೊಂದು ದೊಡ್ಡ ನಿಘಂಟಿಗೆ ಕೈಹಾಕಿದ, ಹೊಸ ಒಡಂಬಡಿಕೆಯ ಗ್ರೀಕ್ ಪದಗಳದ್ದು. ಮೊದಲ ಸಂಪುಟ 1933ರಲ್ಲಿ ಬಂತು. ದೇವಶಾಸ್ತ್ರದವರು ಅದನ್ನೂ ಕಿಟೆಲ್ ಅಂತಲೇ ಕರೆಯುತ್ತಾರೆ. ಅದೇ ವರ್ಷ ಆತ ನಾಜಿ ಪಕ್ಷ ಸೇರಿ ಯಹೂದಿಗಳ ವಿರುದ್ಧ ಭಾಷಣ ಮಾಡಿದ, ಹಾಗಾಗಿ ಆ ಕಿಟೆಲ್ ತೆರೆಯುವಾಗ ಈಗಲೂ ಹಲವರು ಮುಖ ಕಿವುಚುತ್ತಾರೆ. ಆತ ಪ್ರೊಫೆಸರ್ ಆಗಿದ್ದದ್ದು ಟ್ಯೂಬಿಂಗನ್‌ನಲ್ಲಿ. ನಮ್ಮ ಫರ್ಡಿನಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಅದೇ ಟ್ಯೂಬಿಂಗನ್‌ನಲ್ಲಿ. ಒಂದೇ ಸಣ್ಣ ಊರು, ನಿಘಂಟು ಮಾಡಿದ ಇಬ್ಬರು ಕಿಟೆಲ್!

ಇನ್ನೊಂದು ಮಾತು, ಉಚ್ಚಾರದ್ದು. ನಮ್ಮಲ್ಲಿ ಕಿಟ್ಟೆಲ್, ಕಿಟ್ಟಲ್, ಕಿಟೆಲ್ ಅಂತ ಮೂರೂ ನಡೆಯುತ್ತೆ. ಜರ್ಮನ್‌ನಲ್ಲಿ ಬರೆಯುವಾಗ ಎರಡು 'ಟಿ' ಇದ್ದರೂ ಅದು ಒತ್ತಕ್ಷರ ಅಲ್ಲ, ಹಿಂದಿನ 'ಇ' ಹ್ರಸ್ವ ಅಂತ ತೋರಿಸೋಕೆ ಹಾಕಿದ ಗುರುತು ಅಷ್ಟೇ. ಇಲ್ಲಿನವರ ಬಾಯಲ್ಲಿ ಅದು 'ಕಿಟ್ಲ್'ಗೆ ಹತ್ತಿರ. ಆದರೂ ನಾನು ಕಿಟ್ಟೆಲ್ ಅನ್ನೋರನ್ನು ತಿದ್ದೋಕೆ ಹೋಗಲ್ಲ. ಕೃಷ್ಣಮೂರ್ತಿಯನ್ನು ಕಿಟ್ಟಿ ಮಾಡುವ ನಾಡಿನಲ್ಲಿ ಒಂದು ಒತ್ತು ಜಾಸ್ತಿ ಬಿದ್ದರೆ ಸಲಿಗೆ ಅಂತ ತಿಳಿಯೋದು.

ನನ್ನ ಕಿಟೆಲ್ ಈಗ ಲ್ಯಾಬಿನ ಬಾಗಿಲ ಹಿಂದಿನ ಕೊಕ್ಕೆಯಲ್ಲಿ ನೇತಾಡುತ್ತಿದೆ. ಕಾಲರಿನ ಒಳಗೆ ಹೆಸರು ಬರೆದಿಡಿ, ಇಲ್ಲಾಂದ್ರೆ ಒಗೆಯೋಕೆ ಹೋದಾಗ ಅದಲುಬದಲು ಆಗುತ್ತೆ ಅಂದರು. ಕನ್ನಡದಲ್ಲಿ ಬರೆದಿದ್ದೀನಿ. ಅಜ್ಜನ ಎರಡನೇ ಸಂಪುಟದ ಹಾಗೆ ಇದನ್ನು ಇನ್ನೂ ಯಾರೂ ಒಯ್ದಿಲ್ಲ.