ತಕಿಟ ತಕ ತಕಿಟ

1984ರಲ್ಲಿ ನಾನು ಎರಡನೆಯ ವರ್ಷದ ಬಿ.ಎಸ್‌ಸಿ. ಓದುತ್ತಿದ್ದಾಗ, ಶನಿವಾರ ಪ್ರಯೋಗಾಲಯದ ಕೆಲಸ ಮುಗಿದ ಮೇಲೆ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಮನೆಯಿಂದ ತಂದ ರೆಕಾರ್ಡ್ ಪ್ಲೇಯರನ್ನು ಬೆಂಚಿನ ಮೇಲಿಟ್ಟು, ಇಷ್ಟವಿದ್ದವರು ಕುಳಿತುಕೊಳ್ಳಿ ಎನ್ನುತ್ತಿದ್ದರು. ಪಿಟೀಲು, ಅದೇ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊ, ಪಿಯಾನೊಗಳಿಗಾಗಿ ಫ್ರಾನ್ಸಿನ ಮೊರಿಸ್ ರವೆಲ್ 1914ರಲ್ಲಿ ರಚಿಸಿದ ಟ್ರಿಯೊವನ್ನು, ಅಂದರೆ ಮೂರು ವಾದ್ಯಗಳ ಕೃತಿಯನ್ನು, ನಾನು ಮೊದಲು ಕೇಳಿದ್ದು ಅಲ್ಲಿಯೇ.

ಪಿಯಾನೊ ಮೆಲ್ಲಗೆ ಆರಂಭಿಸಿದ ಆ ಸ್ವರಮಾಲೆಗೆ ಎಲ್ಲಿ ಎತ್ತುಗಡೆ, ಎಲ್ಲಿ ಇಳಿತ ಎಂಬುದು ನನಗೆ ತಿಳಿಯಲೇ ಇಲ್ಲ. ಮೇಷ್ಟ್ರು ಮುಳ್ಳನ್ನು ಮೇಲೆತ್ತಿ, ಬೆಂಚಿನ ಅಂಚನ್ನು ಬೆರಳಿನಿಂದ ತಟ್ಟುತ್ತಾ ‘ತಕಿಟ ತಕ ತಕಿಟ’ ಎಂದರು. ಮೂರು, ಎರಡು, ಮೂರು, ಒಟ್ಟು ಎಂಟು. ನಮ್ಮ ಆದಿತಾಳಕ್ಕೂ ಎಂಟೇ ಅಕ್ಷರ, ಆದರೆ ಅದರ ನಾಲ್ಕು, ಎರಡು, ಎರಡರ ನಡಿಗೆಗೆ ಒಗ್ಗಿದ್ದ ಕೈ ಇಲ್ಲಿ ಪದೇ ಪದೇ ತಪ್ಪುತ್ತಿತ್ತು. ನಾಲ್ಕನೆಯ ಸಾರಿ ಮುಳ್ಳು ಇಟ್ಟಾಗ ಕೈ ಕೂಡಿತು. ಕೂಡಿದೊಡನೆ ಸಂಗೀತವೂ ತೆರೆದುಕೊಂಡಿತು. ರವೆಲ್‌ನ ತಾಯಿ ಫ್ರಾನ್ಸ್-ಸ್ಪೇನ್ ಗಡಿಯ ಬಾಸ್ಕ್ ಜನಾಂಗದ ಮೂಲದವಳೆಂದೂ, ಅವನು ಇದನ್ನು ಬರೆದದ್ದು ತಾನು ಹುಟ್ಟಿದ ಸಿಬೂರ್‌ಗೆ ಎದುರಿನ ಸೇಂಟ್-ಜಾನ್-ದ-ಲೂಸ್ ಎಂಬ ಕಡಲ ಊರಿನಲ್ಲೆಂದೂ, ಈ ಲಯದಲ್ಲಿ ಬಾಸ್ಕ್ ಕುಣಿತದ ನೆರಳಿದೆಯೆಂದೂ ಮೇಷ್ಟ್ರು ಆಮೇಲೆ ಹೇಳಿದರು.

ಪಿಯಾನೊದ ದನಿಗೆ ತಂತಿವಾದ್ಯಗಳೆರಡು ಅಡಗಿಹೋಗದಂತೆ ರವೆಲ್ ಪಿಟೀಲನ್ನೂ ಚೆಲ್ಲೊವನ್ನೂ ಹಲವೆಡೆ ಎರಡು ಸ್ಥಾಯಿಗಳಷ್ಟು ದೂರ ನಿಲ್ಲಿಸಿ, ಪಿಯಾನೊದ ಬಲಗೈಯನ್ನು ನಡುವೆ ಕೂರಿಸಿದ್ದಾನೆ. ಇದನ್ನು ತಿಳಿದು ಕೇಳಿದರೆ ಮೂರೇ ವಾದ್ಯಗಳಿಂದ ಅಷ್ಟು ವಿಶಾಲವಾದ ನಾದ ಹೊಮ್ಮುವುದರ ಗುಟ್ಟು ಗೊತ್ತಾಗುತ್ತದೆ. ಎರಡನೆಯ ಭಾಗಕ್ಕೆ ಅವನಿಟ್ಟ ಹೆಸರು ‘ಪಾಂತೂಮ್’, ಅಂದರೆ ಒಂದು ಪದ್ಯದ ಎರಡನೆಯ, ನಾಲ್ಕನೆಯ ಸಾಲುಗಳು ಮುಂದಿನ ಪದ್ಯದ ಮೊದಲನೆಯ, ಮೂರನೆಯ ಸಾಲುಗಳಾಗಿ ಮರಳುವ ಮಲಯ ಛಂದಸ್ಸು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮೂರನೆಯ ಭಾಗ. ಪಿಯಾನೊದ ಆಳದ ಮಂದ್ರದಲ್ಲಿ ಒಂಟಿಯಾಗಿ ಏಳುವ ಎಳೆಯನ್ನು ಚೆಲ್ಲೊ ಎತ್ತಿಕೊಳ್ಳುತ್ತದೆ, ಆಮೇಲೆ ಪಿಟೀಲು; ದನಿ ತುಂಬಿ ತುಳುಕಿದ ಬಳಿಕ ಒಂದೊಂದೇ ವಾದ್ಯ ಹಿಂದೆ ಸರಿದು ಕೊನೆಗೆ ಮತ್ತೆ ಪಿಯಾನೊವೊಂದೇ ಉಳಿಯುತ್ತದೆ. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಸಾರಿದಾಗ ಕೃತಿ ಇನ್ನೂ ಮುಗಿದಿರಲಿಲ್ಲ. ಸೇನೆ ಸೇರಲು ಹಾತೊರೆಯುತ್ತಿದ್ದ ರವೆಲ್ ಐದು ತಿಂಗಳ ಕೆಲಸವನ್ನು ಐದು ವಾರಗಳಲ್ಲಿ ಮಾಡಿದೆನೆಂದು ಹೇಳಿಕೊಂಡ. ತೂಕ ಸಾಲದೆಂದು ಸೇನೆ ಅವನನ್ನು ತಿರಸ್ಕರಿಸಿತು. 1915ರಲ್ಲಿ ಅವನು ಸೇನೆಯ ಲಾರಿ ಚಾಲಕನಾದ. ಅಷ್ಟು ಅವಸರದಲ್ಲಿ ಬರೆದ ಕೃತಿಯಲ್ಲಿ ಒಂದೆಡೆಯೂ ಆತುರದ ಗುರುತು ನನಗೆ ಕಾಣುವುದಿಲ್ಲ. ಕಲಿತ ವಿದ್ಯೆ ಕೈಯಲ್ಲಿ ಇಳಿದಿರಬೇಕು, ಆಗಷ್ಟೇ ಇದು ಸಾಧ್ಯ.

ಹನ್ನೆರಡು ವರ್ಷಗಳ ನಂತರ ಮೊದಲ ಸಂಬಳ ಹೆಚ್ಚಳದ ಹಣದಲ್ಲಿ ಈ ಟ್ರಿಯೊದ ಸ್ವರಲಿಪಿಯ ಪುಸ್ತಕ ತರಿಸಿಕೊಂಡೆ. ಮೊದಲ ಪುಟದಲ್ಲಿ ಅರ್ಪಣೆಯ ಸಾಲಿತ್ತು: ಆಂದ್ರೆ ಜೆಡಾಲ್ಜ್‌ಗೆ. ರವೆಲ್‌ಗೆ ಸ್ವರಸಂಯೋಜನೆಯ ಕಟ್ಟುಪಾಡುಗಳನ್ನು ಕಲಿಸಿದ ಗುರು ಅವರು. ಲಯ, ಊರು, ಯುದ್ಧ, ಲಾರಿ ಎಲ್ಲವನ್ನೂ ಹೇಳಿದ್ದ ನಮ್ಮ ಮೇಷ್ಟ್ರು ಈ ಒಂದು ಸಾಲಿನ ವಿಷಯ ಮಾತ್ರ ನಮಗೆ ಎಂದೂ ಹೇಳಿರಲಿಲ್ಲ.