ತೋಪು ಹಾರುವ ಮುಂಚಿನ ಐದು ತಿಂಗಳು

ಅಮೆರಿಕದ ದಕ್ಷಿಣ ಕರಾವಳಿಯ ಚಾರ್ಲ್ಸ್‌ಟನ್ ಊರಿಗೆ ನಾವು ಬಂದು ಆರು ವರ್ಷಗಳಾದವು. ಮುಂದಿನ ತಿಂಗಳು ಹೊರಬರಲಿರುವ ಒಂದು ಇತಿಹಾಸ ಗ್ರಂಥಕ್ಕಾಗಿ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹೆಸರು ಬರೆಸಿ ಬಂದಿದ್ದೇನೆ. ಪುಸ್ತಕ ಇನ್ನೂ ಕಪಾಟಿಗೆ ಬಂದಿಲ್ಲ, ಆಗಲೇ ಸರದಿಯಲ್ಲಿ ನನಗಿಂತ ಮುಂದೆ 22 ಜನರಿದ್ದಾರೆ. ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದ 1860ರ ನವೆಂಬರ್ 6ರಿಂದ, ಇದೇ ಊರಿನ ಬಂದರಿನಲ್ಲಿರುವ ಸಮ್ಟರ್ ಕೋಟೆಯ ಮೇಲೆ ತೋಪು ಹಾರಿದ 1861ರ ಏಪ್ರಿಲ್ 12ರವರೆಗಿನ ದಿನಗಳನ್ನಷ್ಟೇ ಕಥೆಯಂತೆ ಹೇಳುವ ಪುಸ್ತಕವದು. ಆ ತೋಪಿನಿಂದ ಶುರುವಾದ, ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಬಗ್ಗೆ ಇಲ್ಲಿ ಪುಸ್ತಕಗಳಿಗೆ ಬರವಿಲ್ಲ. ಕದನಗಳು, ಸೇನಾಪತಿಗಳು, ಸಾವುನೋವಿನ ಲೆಕ್ಕ, ಎಲ್ಲವೂ ಕಪಾಟುಗಟ್ಟಲೆ ಇವೆ. ನಾನು ಓದಬೇಕೆಂದಿರುವುದು ಯುದ್ಧವನ್ನಲ್ಲ, ಅದು ಬಂದೇಬಿಡುತ್ತದೆಯೇ ಎಂದು ಜನ ಕಾದು ಕುಳಿತ ಆ ತಿಂಗಳುಗಳನ್ನು.

ಗದಗ ಕಡೆಯ ನಮ್ಮೂರಿನಲ್ಲಿ ಶ್ರಾವಣ ಮಾಸದ ಭಾರತ ವಾಚನದಲ್ಲಿ ಕೃಷ್ಣ ಸಂಧಾನದ ಭಾಗ ಬಂದ ದಿನ ಗುಡಿಯ ಕಟ್ಟೆ ತುಂಬಿರುತ್ತಿತ್ತು. ಸಂಧಾನ ಮುರಿದುಬೀಳುತ್ತದೆಂಬುದು ಮಕ್ಕಳಿಗೂ ಗೊತ್ತು. ಆದರೂ ‘ಐದು ಊರನ್ನಾದರೂ ಕೊಡು’ ಎಂದು ಕೃಷ್ಣ ಕೇಳುವಾಗ, ಈ ವರ್ಷವಾದರೂ ದುರ್ಯೋಧನ ಕೊಟ್ಟಾನೇನೋ ಎಂಬಂತೆ ನಮ್ಮ ಅಜ್ಜಿ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಗೊತ್ತಿರುವ ಕಥೆಯಲ್ಲೂ ಕೇಳುಗರನ್ನು ಹಾಗೆ ಕೂರಿಸುವ ಇತಿಹಾಸಕಾರರು ಅಪರೂಪ.

ಸಮ್ಟರ್ ಕೋಟೆಯ ಪ್ರಸಂಗಕ್ಕೆ ಅಂತಹ ಕಸುವಿದೆ. ಡಿಸೆಂಬರ್ 20ರಂದು ಚಾರ್ಲ್ಸ್‌ಟನ್‌ನಲ್ಲಿ ಸೇರಿದ ಸಮಾವೇಶ, ದಕ್ಷಿಣ ಕೆರೊಲಿನಾ ರಾಜ್ಯವು ಒಕ್ಕೂಟದಿಂದ ಹೊರಬರುತ್ತದೆಂದು 169 ಮತಗಳಿಂದ ತೀರ್ಮಾನಿಸಿತು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ಅಧಿಕಾರ ಬಿಟ್ಟುಕೊಡಲಿದ್ದ ಅಧ್ಯಕ್ಷ ಬುಕ್ಯಾನನ್, ರಾಜ್ಯಗಳಿಗೆ ಹೊರಹೋಗುವ ಹಕ್ಕಿಲ್ಲ, ಹೋದರೆ ತಡೆಯುವ ಅಧಿಕಾರ ತಮಗೂ ಇಲ್ಲ ಎಂದು ಹೇಳಿ ಕೈತೊಳೆದುಕೊಂಡಿದ್ದರು. (ಸರ್ಕಾರಿ ಕಚೇರಿಗಳಲ್ಲಿ ಓಡಾಡಿದ ನಮ್ಮವರಿಗೆ ಈ ಧಾಟಿಯ ಉತ್ತರ ಹೊಸದೇನಲ್ಲ.) ಕ್ರಿಸ್‌ಮಸ್ ಮುಗಿದ ಮರುರಾತ್ರಿ ಒಕ್ಕೂಟದ ಸೇನೆಯ ಮೇಜರ್ ರಾಬರ್ಟ್ ಆಂಡರ್ಸನ್ ತಮ್ಮ ಸಣ್ಣ ಪಡೆಯನ್ನು ದೋಣಿಗಳಲ್ಲಿ ಸದ್ದಿಲ್ಲದೆ ಸಮ್ಟರ್ ಕೋಟೆಗೆ ಸಾಗಿಸಿದರು. ಕೊನೆಗೆ ಅವರ ಎದುರಾಳಿಯಾಗಿ ಬಂದ, ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಸೇನಾಪತಿ ಬ್ಯೂರೆಗಾರ್ಡ್, ಒಂದು ಕಾಲದಲ್ಲಿ ಸೈನಿಕ ಶಾಲೆಯಲ್ಲಿ ಅವರಿಂದಲೇ ಫಿರಂಗಿ ವಿದ್ಯೆ ಕಲಿತ ಶಿಷ್ಯ.

ಅಲ್ಲಿಂದ ಮುಂದೆ ಆ ದೇಶದ ಹಣೆಬರಹ ನಿಂತದ್ದು ಕೋಟೆಯ ಉಗ್ರಾಣದ ಮೇಲೆ. ಏಪ್ರಿಲ್ ಹೊತ್ತಿಗೆ ಉಳಿದಿದ್ದದ್ದು ಬಹುಮಟ್ಟಿಗೆ ಉಪ್ಪು ಹಾಕಿದ ಹಂದಿಮಾಂಸ. ಶರಣಾಗತಿ ಕೇಳಲು ಬಂದವರಿಗೆ ಆಂಡರ್ಸನ್, ಹೊಸ ಆದೇಶವೋ ಆಹಾರವೋ ಬಾರದಿದ್ದರೆ 15ರ ಮಧ್ಯಾಹ್ನ ತಾವಾಗಿಯೇ ಕೋಟೆ ತೆರವು ಮಾಡುವುದಾಗಿ ಹೇಳಿದರು. ಲಿಂಕನ್ ಕಳುಹಿಸಿದ ಆಹಾರದ ಹಡಗುಗಳು ದಾರಿಯಲ್ಲಿದ್ದುದರಿಂದ, ಬಂದವರು ಮೂರು ದಿನ ಕಾಯಲು ಒಪ್ಪಲಿಲ್ಲ. 12ರ ನಸುಕಿನ ನಾಲ್ಕೂವರೆಗೆ ಶುರುವಾದ ದಾಳಿ ಸುಮಾರು 34 ಗಂಟೆ ನಡೆಯಿತು. ಊರಿನವರು ಮನೆಗಳ ಮಾಳಿಗೆ ಹತ್ತಿ, ಜಾತ್ರೆಯ ಪಟಾಕಿ ನೋಡುವಂತೆ ನೋಡಿದರು. ಆ ದಾಳಿಯಲ್ಲಿ ಎರಡೂ ಕಡೆ ಒಬ್ಬರೂ ಸಾಯಲಿಲ್ಲ. ಶರಣಾದ ಮೇಲೆ, 14ರಂದು, ಧ್ವಜಕ್ಕೆ ತೋಪಿನ ವಂದನೆ ಸಲ್ಲಿಸುವಾಗ ಸಿಡಿದ ಮದ್ದಿಗೆ ಡೇನಿಯಲ್ ಹಫ್ ಎಂಬ ಸೈನಿಕ ಬಲಿಯಾದ. ಅದು ಮೊದಲ ಸಾವು. ನಾಲ್ಕು ವರ್ಷಗಳಲ್ಲಿ ಆ ಸಂಖ್ಯೆ ಆರು ಲಕ್ಷ ದಾಟಿತು.

ಆ ಮೂರು ದಿನಗಳನ್ನು ಲೇಖಕರು ಹೇಗೆ ನಿಭಾಯಿಸಿದ್ದಾರೆಂಬ ಕುತೂಹಲದ ಜೊತೆಗೆ ಒಂದು ಅಳುಕೂ ಇದೆ. ಕಥನ ಮಾದರಿಯ ಇತಿಹಾಸ ಡೈರಿಗಳನ್ನೂ ಪತ್ರಗಳನ್ನೂ ಉಂಡು ಬೆಳೆಯುತ್ತದೆ. ಶರಣಾಗತಿಯ ಸಂದೇಶ ಹೊತ್ತು ಹೋದ ಜೇಮ್ಸ್ ಚೆಸ್ನಟ್ ಅವರ ಪತ್ನಿ ಮೇರಿ ಬರೆದಿಟ್ಟ ದಿನಚರಿ, ಆ ರಾತ್ರಿ ಸೇಂಟ್ ಮೈಕೆಲ್ ಚರ್ಚಿನ ಗಂಟೆ ನಾಲ್ಕು ಬಾರಿಸಿದ್ದನ್ನೂ ಬಿಟ್ಟಿಲ್ಲ. ಆದರೆ 1860ರ ಗಣತಿಯಲ್ಲಿ ಈ ರಾಜ್ಯದ 7,03,708 ಜನರ ಪೈಕಿ 4,02,406 ಮಂದಿ ಗುಲಾಮರು. ಅಕ್ಷರ ಕಲಿಯಲು ಅವಕಾಶವೇ ಇಲ್ಲದವರು ದಿನಚರಿ ಎಲ್ಲಿಂದ ಬರೆದಾರು? ಈ ಯುದ್ಧ ಕೇವಲ ರಾಜ್ಯಗಳ ಹಕ್ಕಿಗಾಗಿ ನಡೆಯಿತು ಎನ್ನುವ ಹಿರಿಯರು ಇಂದಿಗೂ ಇಲ್ಲಿ ಸಿಗುತ್ತಾರೆ. ಅದೇ ಸಮಾವೇಶ ಡಿಸೆಂಬರ್ 24ರಂದು ಹೊರಡಿಸಿದ ಕಾರಣಗಳ ಪತ್ರವನ್ನು ಓದಿದರೆ, ಗುಲಾಮಗಿರಿಯ ವಿಷಯ ಅದರುದ್ದಕ್ಕೂ ಕಣ್ಣಿಗೆ ಬೀಳುತ್ತದೆ.

ಮೂಲದಲ್ಲಿ ಅದು ಹತ್ತಿ ಮತ್ತು ಅಕ್ಕಿಯ ವ್ಯವಹಾರ, ಆ ಹತ್ತಿಯ ಎಳೆ ನಮ್ಮೂರಿನ ಎರೆ ಹೊಲಗಳಿಗೂ ಬಂದು ತಾಗುತ್ತದೆ. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೆ, ಕಾರವಾರ ಬಂದರಿನಿಂದ ಈ ಹತ್ತಿಯನ್ನು ಸಾಗಿಸುವ ಆಸೆಯೂ ಒಂದು ಕಾರಣ. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು.

ಕಳೆದ ಚಳಿಗಾಲದಲ್ಲಿ ಊರಿನಿಂದ ಬಂದಿದ್ದ ಅಪ್ಪನನ್ನು ಕೋಟೆಗೆ ಕರೆದೊಯ್ದಿದ್ದೆ. ಫೆರಿಯಲ್ಲಿ ಅರ್ಧ ಗಂಟೆಯ ದಾರಿ. ತೋಪುಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಅಪ್ಪ ಗೋಡೆಯ ಬಳಿ ನಿಂತು, ಒಂದು ಇಟ್ಟಿಗೆಯ ಮೇಲಿದ್ದ ಮೂರು ಸಣ್ಣ ಕುಳಿಗಳಿಗೆ ತಮ್ಮ ಬೆರಳಿಟ್ಟು ನೋಡುತ್ತಿದ್ದರು. ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ತೆಗೆದ ಗುಲಾಮರ ಬೆರಳಿನ ಗುರುತುಗಳು ಹಾಗೆಯೇ ಸುಟ್ಟು ಉಳಿದಿವೆ. ಅಪ್ಪನ ಬೆರಳುಗಳು ಅವುಗಳಲ್ಲಿ ಹಿಡಿಸಲಿಲ್ಲ. ‘ಸಣ್ಣ ಹುಡುಗ ಇರಬೇಕು’ ಎಂದರು.

ನನ್ನ ಸರದಿ ಬಂದು ಪುಸ್ತಕ ಕೈಸೇರಿದಾಗ ಮೊದಲು ತೆರೆಯುವುದು ಕೊನೆಯಲ್ಲಿರುವ ಹೆಸರುಗಳ ಪಟ್ಟಿಯನ್ನು. ಆಂಡರ್ಸನ್, ಬ್ಯೂರೆಗಾರ್ಡ್, ಚೆಸ್ನಟ್ ಹೇಗೂ ಇರುತ್ತಾರೆ. ಆ ನಾಲ್ಕು ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಅಲ್ಲಿ ಹೆಸರಿದೆ ಎಂದು ಎಣಿಸಿ, ಆಮೇಲೆ ಮೊದಲ ಪುಟಕ್ಕೆ ಬರುತ್ತೇನೆ.